ಮೂರು ಸಲ ಒತ್ತಬೇಕು

ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಎಲ್ಲ ಕೆಲಸಕ್ಕೂ ಒಂದು ಮರ್ಯಾದೆ ಇದೆ, ಇನ್‌ಸ್ಟಾಲ್ ಮಾಡುವ ಕೆಲಸಕ್ಕೆ ಮಾತ್ರ ಇಲ್ಲ. ಡಿಸೈನ್ ಮಾಡುವವರಿಗೆ ದೊಡ್ಡ ಹೆಸರು, ಕೋಡ್ ಬರೆಯುವವರಿಗೆ ಅದಕ್ಕಿಂತ ಸ್ವಲ್ಪ ಕಮ್ಮಿ. ಎಲ್ಲ ಮುಗಿದ ಮೇಲೆ 'ಒಂದು ಸೆಟಪ್ ಮಾಡಿಬಿಡಪ್ಪಾ' ಅಂತ ಟೀಮಿಗೆ ಹೊಸದಾಗಿ ಬಂದ ಹುಡುಗನ ತಲೆಗೆ ಕಟ್ಟುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಪೂರ್ತಿ ನಾನು ಮಾಡಿದ್ದು ಅದನ್ನೇ. ಅದಕ್ಕೇ ಇರಬೇಕು, ಯಾವ ತುಂಡು ಯಾವುದರ ಮೇಲೆ ನಿಂತಿದೆ, ಯಾವುದರ ಹೆಸರು ಮೊದಲು ಬರೆಸಬೇಕು ಅನ್ನುವ ವಿಷಯ ಬಂದರೆ ನನಗೆ ಈಗಲೂ ಕಿವಿ ನಿಮಿರುತ್ತದೆ. ಮನೆಯಲ್ಲಿ ಹೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ನಿಮ್ಮ ಹತ್ತಿರ ಹೇಳ್ತೀನಿ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ವಿಂಡೋಸ್‌ನಲ್ಲಿ ಓಡುವ ಹಳೇ ಮಾದರಿಯ ಪ್ರೋಗ್ರಾಂ ಅಂದರೆ ಒಂದೇ ಫೈಲ್ ಅಲ್ಲ. ಲೆಕ್ಕ ಮಾಡುವ ತುಂಡು ಒಂದು, ಪರದೆ ಮೇಲೆ ಕೋಷ್ಟಕ ತೋರಿಸುವ ತುಂಡು ಒಂದು, ಪ್ರಿಂಟರಿಗೆ ಕಳಿಸುವ ತುಂಡು ಇನ್ನೊಂದು, ಹೀಗೆ ಡಿಎಲ್‌ಎಲ್, ಓಸಿಎಕ್ಸ್ ಅಂತ ಹತ್ತಾರು ಇರುತ್ತವೆ. ಇವು ಒಂದನ್ನೊಂದು ಫೈಲಿನ ಹೆಸರು ಹಿಡಿದು ಕರೆಯುವುದಿಲ್ಲ. ಪ್ರತಿಯೊಂದಕ್ಕೂ 128 ಬಿಟ್ಟಿನ ಒಂದು ಉದ್ದನೆಯ ನಂಬರ್ ಇರುತ್ತದೆ. ಆ ನಂಬರಿನ ತುಂಡು ಯಾವ ಫೋಲ್ಡರಿನಲ್ಲಿದೆ ಅನ್ನುವುದು ರಿಜಿಸ್ಟ್ರಿ ಅನ್ನುವ ದೊಡ್ಡ ದಫ್ತರದಲ್ಲಿ ಬರೆದಿರಬೇಕು. ಮೈಕ್ರೋಸಾಫ್ಟ್ 1993ರಲ್ಲಿ ತಂದ ಕಾಮ್ ಅನ್ನುವ ಪದ್ಧತಿ ಇದು. ದಫ್ತರದಲ್ಲಿ ಹೆಸರು ಬರೆಸುವುದಕ್ಕೇ ರಿಜಿಸ್ಟರ್ ಮಾಡುವುದು ಅನ್ನುತ್ತೇವೆ. ಅದಕ್ಕೆ ರೆಗ್‌ಎಸ್‌ವಿಆರ್32 ಅನ್ನುವ ಪುಟ್ಟ ಪ್ರೋಗ್ರಾಂ ವಿಂಡೋಸ್ ಜೊತೆಗೇ ಬರುತ್ತದೆ. ಅದು ಮಾಡುವುದು ಎರಡೇ ಕೆಲಸ. ಮೊದಲು ಆ ಡಿಎಲ್‌ಎಲ್ ಅನ್ನು ಮೆಮೊರಿಗೆ ಎತ್ತಿಕೊಳ್ಳುತ್ತದೆ. ಆಮೇಲೆ ಅದರ ಒಳಗೇ ಇರುವ ಒಂದು ಫಂಕ್ಷನ್ ಕರೆದು 'ನಿನ್ನ ಹೆಸರು ನೀನೇ ಬರೆದುಕೋ' ಅನ್ನುತ್ತದೆ.

ಈ ಎರಡೂ ಕಡೆ ಎಡವಬಹುದು, ಆದರೆ ಎಡವುವ ರೀತಿ ಬೇರೆ ಬೇರೆ. ಮೆಮೊರಿಗೆ ಎತ್ತಿಕೊಳ್ಳುವಾಗ ಆ ಡಿಎಲ್‌ಎಲ್ ನೆಚ್ಚಿಕೊಂಡ ಇನ್ನೊಂದು ಫೈಲ್ ಡಿಸ್ಕಿನಲ್ಲೇ ಇಲ್ಲದಿದ್ದರೆ ಎರರ್ 126 ಬರುತ್ತದೆ. ಮಜಾ ಅಂದರೆ ಮೆಸೇಜಿನಲ್ಲಿ ಬರುವುದು ನೀವು ಕೊಟ್ಟ ಫೈಲಿನ ಹೆಸರು, ಕಾಣೆಯಾದ ಫೈಲಿನದ್ದಲ್ಲ. ಫೈಲು ಕಣ್ಣೆದುರಿಗೇ ಇರುತ್ತದೆ, ಕಂಪ್ಯೂಟರು ಸಿಗಲಿಲ್ಲ ಅನ್ನುತ್ತದೆ. ಇದಕ್ಕೆ ಕ್ರಮ ಗಿಮ ಏನೂ ಬೇಕಿಲ್ಲ, ಎಲ್ಲ ಫೈಲುಗಳನ್ನೂ ಮೊದಲೇ ಕಾಪಿ ಮಾಡಿಟ್ಟರೆ ಸಾಕು. ಎರಡನೆಯದೇ ತಲೆನೋವು. ಹೆಸರು ಬರೆಸುವಾಗ ಆ ತುಂಡು ತನ್ನ ಟೈಪ್ ಲೈಬ್ರರಿಯನ್ನೂ ಬರೆಸುತ್ತದೆ. ಅದರಲ್ಲಿ 'ನಾನು ಇಂಥವರನ್ನು ನೆಚ್ಚಿಕೊಂಡಿದ್ದೇನೆ' ಅಂತ ಇನ್ನೊಂದರ ನಂಬರ್ ಇರಬಹುದು. ಆ ಇನ್ನೊಂದು ಅದೇ ಫೋಲ್ಡರಿನಲ್ಲಿ ಪಕ್ಕದಲ್ಲೇ ಕೂತಿದ್ದರೂ ಪ್ರಯೋಜನವಿಲ್ಲ, ದಫ್ತರದಲ್ಲಿ ಅದರ ಹೆಸರು ಮೊದಲೇ ಇರಬೇಕು. ಇಲ್ಲದಿದ್ದರೆ 80029ಸಿ4ಎ ಅಂತ ಒಂದು ನಂಬರ್ ಬರುತ್ತದೆ, ಟೈಪ್ ಲೈಬ್ರರಿ ಲೋಡ್ ಆಗಲಿಲ್ಲ ಅಂತ ಅದರ ಅರ್ಥ. ಇಲ್ಲಿಗೇ ಬಂತು ನೋಡಿ ಕ್ರಮ.

ಇನ್ನು ವಿಷಯಕ್ಕೆ ಬರ್ತೀನಿ.

ನನ್ನ ಸೋದರಮಾವ ರಾಯಚೂರಿನ ರಾಜೇಂದ್ರ ಗಂಜಿನಲ್ಲಿ ಒಂದು ದಲಾಲಿ ಅಂಗಡಿಯ ಗುಮಾಸ್ತರು. ಇಪ್ಪತ್ತೈದು ವರ್ಷದ ಮೇಲಾಯಿತು, ದಿನಾ ಮಾನ್ವಿಯಿಂದ ಬಸ್ಸಿಗೆ ಬಂದು ಹೋಗುತ್ತಾರೆ. ದೇವದುರ್ಗ, ಮಾನ್ವಿ ಕಡೆಯ ರೈತರು ಹತ್ತಿ ತಂದರೆ ಇಳಿಸಿಕೊಂಡು, ತೂಕ ಮಾಡಿಸಿ, ಮಾರಿಸಿ, ಹಮಾಲಿ, ದಲಾಲಿ ಕಳೆದು, ರೈತನಿಗೆ ಲೆಕ್ಕದ ಚೀಟಿ ಬರೆದುಕೊಡಬೇಕು. ಅದಕ್ಕೆ ಪಟ್ಟಿ ಅನ್ನುತ್ತಾರೆ. ಅದೇ ಅಂಗಡಿಯವರು ಗೊಬ್ಬರ, ಎಣ್ಣೆ (ಹೊಲಕ್ಕೆ ಹೊಡೆಯುವ ಔಷಧಿಗೆ ನಮ್ಮ ಕಡೆ ಎಣ್ಣೆ ಅಂತಲೇ ಹೆಸರು) ಉದ್ರಿ ಕೊಟ್ಟಿರುತ್ತಾರೆ. ಮಾಲು ಮಾರಿದಾಗ ಅದನ್ನೆಲ್ಲ ಖಾತೆಯಲ್ಲಿ ಮುರಿದುಕೊಳ್ಳಬೇಕು. ಟೆಂಡರು ಆನ್‌ಲೈನ್ ಆಗಿ ವರ್ಷಗಳೇ ಆದವು, ಆದರೆ ಅಂಗಡಿಯ ಒಳಲೆಕ್ಕ ಅಂಗಡಿಯದ್ದೇ.

ಆ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಇದೆ. 2003ರಲ್ಲಿ ರಾಯಚೂರಿನದೇ ಒಬ್ಬ ಹುಡುಗ ವಿಬಿ 6ರಲ್ಲಿ ಬರೆದುಕೊಟ್ಟದ್ದು. ವಿಬಿ 6 ಬಂದದ್ದು 1998ರಲ್ಲಿ, ಹೆಚ್ಚುಕಡಿಮೆ ನನ್ನ ವಾರಿಗೆಯದು. ಅದರಲ್ಲಿ ಪ್ರೋಗ್ರಾಂ ಬರೆಯುವ ಉಪಕರಣಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2008ರ ಏಪ್ರಿಲ್ 8ಕ್ಕೇ ಮುಗಿದಿದೆ. ಆದರೆ ಹಿಂದೆ ಬರೆದದ್ದನ್ನು ಓಡಿಸುವ ಭಾಗ ವಿಂಡೋಸ್ 11ರಲ್ಲೂ ಇದೆ. ಹಾಗಾಗಿ ಊರೂರಿನ ಅಂಗಡಿಗಳಲ್ಲಿ, ಸೊಸೈಟಿಗಳಲ್ಲಿ ಇಂಥವು ಇನ್ನೂ ಉಸಿರಾಡುತ್ತಿವೆ. ಬರೆದ ಹುಡುಗ ಆಮೇಲೆ ಹೈದರಾಬಾದಿಗೆ ಹೋದ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಕೊನೇ ಸಲ ಏನೋ ಒಂದು ಹೊಸ ಫೈಲ್ ಇಮೇಲ್‌ನಲ್ಲಿ ಕಳಿಸಿದ್ದನಂತೆ. ಈಗ ಆ ವಿಳಾಸಕ್ಕೆ ಕಳಿಸಿದರೆ ವಾಪಸ್ ಬರುತ್ತದೆ.

ಕಳೆದ ದೀಪಾವಳಿಯ ಹಿಂದೆಮುಂದೆ, ಹತ್ತಿ ಬರುವ ಗದ್ದಲದಲ್ಲೇ, ಅಂಗಡಿಯ ಹಳೇ ಕಂಪ್ಯೂಟರು ಕೆಟ್ಟುಹೋಯಿತು. ಹಾರ್ಡ್‌ಡಿಸ್ಕ್ ಚೆನ್ನಾಗಿತ್ತು. ಸಾವುಕಾರರ ಮಗ ಹೊಸ ಕಂಪ್ಯೂಟರು ತಂದರು, ಫೋಲ್ಡರು ಹಾಗೇ ಕಾಪಿ ಆಯಿತು, ಡೇಟಾಬೇಸು ಸಹಿತ. ಮಾಮಾ ತಮ್ಮ ಹಳೇ ಡೈರಿಯ ಕೊನೇ ಪುಟ ತೆಗೆದರು. ಅಲ್ಲಿ ಅವರ ದುಂಡನೆಯ ಅಕ್ಷರದಲ್ಲಿ ಬರೆದಿತ್ತು: 'ರಿಜಿಸ್ಟರ್ ಫೈಲ್ - ಮೂರು ಸಲ ಒತ್ತಬೇಕು.' ಒತ್ತಿದರು. ಪ್ರೋಗ್ರಾಂ ತೆಗೆದರೆ ರನ್‌ಟೈಮ್ ಎರರ್ 429. ಯಾವುದೋ ಒಂದು ವಸ್ತುವನ್ನು ಸೃಷ್ಟಿ ಮಾಡಲಾಗಲಿಲ್ಲ ಅಂತ ಅದರ ಅರ್ಥ. ಯಾವ ವಸ್ತು ಅಂತ ಅದು ಹೇಳುವುದಿಲ್ಲ.

ರಾತ್ರಿ ಫೋನು ಬಂತು.

'ಅಳಿಯಾ, ಮೂರ ಸಲ ಒತ್ತೀನಿ. ಎಣಿಸೇ ಒತ್ತೀನಿ. ಹಿಂದ ಕಂಪ್ಯೂಟರ್ ಬದಲ್ ಮಾಡಿದಾಗೂ ಹಿಂಗ ಮಾಡಿದ್ದೆ, ಆಗ ಆಗಿತ್ತು. ಈಗ ಆಗವಲ್ದು. ಸಣ್ಣ ಸಾವುಕಾರ್ರು, ನಿಮಗ ಮರವು ಬಂದೈತಿ, ಏನೋ ಒಂದು ಬಿಟ್ಟೀರಿ ಅಂತಾರ.'

ಮಾತು ಅಷ್ಟಕ್ಕೇ ನಿಂತಿರಲಿಲ್ಲ. ತಿಂಗಳಿಗೆ ಇಷ್ಟು ಅಂತ ಕಟ್ಟುವ ಆನ್‌ಲೈನ್ ಪ್ಯಾಕೇಜು ತಗೊಳ್ಳೋಣ, ಅದನ್ನು ನೋಡಿಕೊಳ್ಳಲು ಬಿ.ಕಾಂ. ಓದಿದ ಹುಡುಗನನ್ನು ಇಟ್ಟುಕೊಳ್ಳೋಣ ಅನ್ನುವ ಮಾತು ಆಗಲೇ ಶುರುವಾಗಿತ್ತು. ಆ ಹುಡುಗ ಬಂದರೆ ಎಲ್ಲಿ ಕೂರುತ್ತಾನೆ ಅನ್ನುವುದನ್ನು ಮಾಮಾ ಫೋನಿನಲ್ಲಿ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅಂಗಡಿಯಲ್ಲಿ ಇರುವುದು ಒಂದೇ ಮೇಜು.

ಹೇಗೂ ಹಬ್ಬಕ್ಕೆ ಊರಿಗೆ ಬಂದಿದ್ದೆ. ಮರುದಿನ ಗಂಜಿಗೆ ಹೋದೆ. ಹೊರಗೆ ಹತ್ತಿ ತುಂಬಿದ ಗಾಡಿಗಳು, ಒಳಗೆ ಮಾಮಾ ಕೈಯಲ್ಲೇ ಪಟ್ಟಿ ಬರೆಯುತ್ತ ಕೂತಿದ್ದರು. ದೇವದುರ್ಗದ ಕಡೆಯ ಒಬ್ಬ ರೈತ, ಮುಂಗಾರಿನಿಂದ ತಾನು ತೆಗೆದುಕೊಂಡ ಉದ್ರಿ ಎಷ್ಟಾಗಿದೆ ಅಂತ ತಿಳಿಯದೆ ಮಾಲು ಕೊಡಲಾ ಬೇಡವಾ ಅಂತ ಕಾಯುತ್ತಿದ್ದ. ಆ ಲೆಕ್ಕ ಇರುವುದು ತೆರೆಯದ ಪ್ರೋಗ್ರಾಮಿನ ಒಳಗೆ.

ಬ್ಯಾಚ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಎರಡೇ ಸಾಲು. ಮೊದಲನೆಯದು ಆ ಫೋಲ್ಡರಿಗೆ ಹೋಗು ಅನ್ನುತ್ತದೆ. ಎರಡನೆಯದು, ಇಲ್ಲಿರುವ ಡಿಎಲ್‌ಎಲ್‌ಗಳನ್ನೆಲ್ಲ ಒಂದಾದ ಮೇಲೆ ಒಂದು ರಿಜಿಸ್ಟರ್ ಮಾಡು, ಸದ್ದಿಲ್ಲದೆ ಮಾಡು ಅನ್ನುತ್ತದೆ. 'ಸದ್ದಿಲ್ಲದೆ' ಅನ್ನುವುದಕ್ಕೆ ಓರೆಗೆರೆ ಎಸ್ ಅಂತ ಒಂದು ಸ್ವಿಚ್ಚು ಇದೆ. ಅದನ್ನು ಹಾಕಿದರೆ ಗೆದ್ದರೂ ಸುಮ್ಮನಿರುತ್ತದೆ, ಸೋತರೂ ಸುಮ್ಮನಿರುತ್ತದೆ. ನನ್ನ ಕೇಳಿದರೆ ಈ ಸ್ವಿಚ್ಚು ಹಾಕಿಕೊಟ್ಟು ಊರು ಬಿಡುವುದು ದೊಡ್ಡ ಅನ್ಯಾಯ. ಅದನ್ನು ಅಳಿಸಿ ಮತ್ತೆ ಓಡಿಸಿದೆ. ನಾಲ್ಕೂ ಡಿಎಲ್‌ಎಲ್‌ಗಳಿಗೆ 'ಆಯಿತು' ಅಂತ ಬಂತು, ಮೂರು ಆಗಲೇ ಆಗಿದ್ದವು. ಆದರೆ ಹೊಸ ಕಂಪ್ಯೂಟರಿನಲ್ಲಿ ಮೊದಲ ಸಲ ಏನಾಗಿರಬಹುದು ಅಂತ ತಿಳಿಯಬೇಕಲ್ಲ? ಎಲ್ಲವನ್ನೂ ದಫ್ತರದಿಂದ ತೆಗೆದುಹಾಕಿ ಮೊದಲಿನಿಂದ ಶುರು ಮಾಡಿದೆ. ಮಾಮಾ ಕನ್ನಡಕ ಏರಿಸಿಕೊಂಡು ಪಕ್ಕದಲ್ಲಿ ಬಂದು ನಿಂತರು.

ಆ ಹುಡುಗ ಬರೆದ ಡಿಎಲ್‌ಎಲ್‌ಗಳು ನಾಲ್ಕು. ತೂಕ, ಪಟ್ಟಿ, ಖಾತೆ, ಜಿಎಸ್‌ಟಿ. ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲಿ. ಪಟ್ಟಿಗೆ ತೂಕ ಬೇಕು, ಖಾತೆಗೆ ಪಟ್ಟಿ ಬೇಕು, ಜಿಎಸ್‌ಟಿಗೆ ಖಾತೆ ಬೇಕು. ಡಿಸ್ಕಿನಿಂದ ಫೈಲುಗಳು ಬರುವುದು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ: ಜಿ, ಕೆ, ಪಿ, ಟಿ. ಬೇಕಾದದ್ದಕ್ಕೆ ಸರಿಯಾಗಿ ತಿರುಗಾಮುರುಗಾ! ಮೊದಲ ಸುತ್ತಿನಲ್ಲಿ ಜಿಎಸ್‌ಟಿ ಬಿತ್ತು, ಖಾತೆ ಬಿತ್ತು, ಪಟ್ಟಿ ಬಿತ್ತು, ಕೊನೆಗೆ ತೂಕ ಒಂದು ನಿಂತಿತು. ಎರಡನೇ ಸುತ್ತಿನಲ್ಲಿ ಪಟ್ಟಿ ನಿಂತಿತು, ಯಾಕೆಂದರೆ ಈಗ ದಫ್ತರದಲ್ಲಿ ತೂಕ ಇದೆ. ಮೂರನೇ ಸುತ್ತಿಗೆ ಖಾತೆ. ಜಿಎಸ್‌ಟಿ ಮೂರನೇ ಸುತ್ತಿನಲ್ಲೂ ಬಿದ್ದಿತ್ತು, ಏಕೆಂದರೆ ಅದರ ಸರದಿ ಖಾತೆಗಿಂತ ಮೊದಲೇ ಬಂದು ಹೋಗಿತ್ತು. ನಾಲ್ಕನೇ ಸಲ ಒತ್ತಿದೆ, ಅದೂ ನಿಂತಿತು. ಪ್ರೋಗ್ರಾಂ ತೆರೆಯಿತು.

ಅಂದರೆ ಡೈರಿಯಲ್ಲಿದ್ದ 'ಮೂರು' ಮಂತ್ರ ತಂತ್ರ ಅಲ್ಲ. 2003ರಲ್ಲಿ ಇದ್ದದ್ದು ಮೂರೇ ಡಿಎಲ್‌ಎಲ್, ಸರಪಳಿಯ ಉದ್ದ ಮೂರು, ಕ್ರಮ ಪೂರ್ತಿ ಉಲ್ಟಾ. ಹಾಗಾಗಿ ಸರಿಯಾಗಿ ಮೂರು ಸುತ್ತು ಬೇಕು. ಆ ಹುಡುಗನಿಗೆ ಇದು ಗೊತ್ತಿತ್ತೋ, ಒತ್ತಿ ಒತ್ತಿ ನೋಡಿ ಹೇಳಿದನೋ, ಅಂತೂ ಮಾಮಾಗೆ ಮೂರು ಅಂತ ಹೇಳಿದ್ದ. 2011ರಲ್ಲಿ ಕಂಪ್ಯೂಟರು ಬದಲಾದಾಗ ಮೂರು ಸಾಕಾಯಿತು. 2017ರಲ್ಲಿ ಜಿಎಸ್‌ಟಿ ಡಿಎಲ್‌ಎಲ್ ಬಂದಾಗ ಉಳಿದ ಮೂರೂ ದಫ್ತರದಲ್ಲಿ ಮೊದಲೇ ಇದ್ದವು, ಒಂದೇ ಸಲ ಒತ್ತಿದರೂ ಸರಿಹೋಯಿತು. ಡೈರಿ ತಿದ್ದಬೇಕು ಅಂತ ಯಾರಿಗೂ ಹೊಳೆಯಲಿಲ್ಲ, ಹೊಳೆಯುವಂತೆ ಏನೂ ಆಗಲೂ ಇಲ್ಲ. ಏನೂ ಇಲ್ಲದ ಹೊಸ ಕಂಪ್ಯೂಟರು ಬಂದಾಗ ಮಾತ್ರ ಅದು ಹೊರಬೀಳಬೇಕಿತ್ತು, ಬಿತ್ತು.

ಇನ್ನೊಂದು ಮಜಾ. ಆ ಹೊಸ ಫೈಲಿಗೆ ಜಿಎಸ್‌ಟಿ ಅನ್ನುವ ಬದಲು ಟ್ಯಾಕ್ಸ್ ಅಂತ ಹೆಸರಿಟ್ಟಿದ್ದರೆ ಅಕ್ಷರಮಾಲೆಯಲ್ಲಿ ಅದು ಖಾತೆಯ ನಂತರ ಬರುತ್ತಿತ್ತು, ಮೂರನೇ ಸುತ್ತಿನಲ್ಲೇ ನಿಲ್ಲುತ್ತಿತ್ತು, ಮೂರೇ ಸಾಕಾಗುತ್ತಿತ್ತು. ಕನ್ನಡ ಅಕ್ಷರಮಾಲೆಯಲ್ಲಿ ಓಡಿಸಿದ್ದರೆ? ಖಾತೆ, ಜಿಎಸ್‌ಟಿ, ತೂಕ, ಪಟ್ಟಿ. ಮೊದಲ ಸುತ್ತಿಗೆ ತೂಕ ಮತ್ತು ಪಟ್ಟಿ, ಎರಡನೆಯದಕ್ಕೆ ಖಾತೆ ಮತ್ತು ಜಿಎಸ್‌ಟಿ. ಎರಡೇ ಸುತ್ತು! ಕನ್ನಡದ ಹಿರಿಮೆಗೆ ಇದನ್ನೂ ಸೇರಿಸಿಕೊಳ್ಳಿ :) ಪೆನ್‌ಡ್ರೈವಿನಿಂದ ಓಡಿಸಿದ್ದರೆ ಇನ್ನೂ ಬೇರೆ ಕಥೆ. ಎನ್‌ಟಿಎಫ್‌ಎಸ್ ಡಿಸ್ಕು ಫೈಲುಗಳನ್ನು ಅಕ್ಷರಕ್ರಮದಲ್ಲಿ ಕೊಡುತ್ತದೆ, ಪೆನ್‌ಡ್ರೈವಿನ ಫ್ಯಾಟ್ 32 ಡಿಸ್ಕಿಗೆ ಬರೆದ ಕ್ರಮದಲ್ಲಿ ಕೊಡುತ್ತದೆ. ಒಂದೇ ಬ್ಯಾಚ್ ಫೈಲು ಒಂದು ಕಡೆ ಓಡಿ ಇನ್ನೊಂದು ಕಡೆ ಬೀಳುವುದು ಹೀಗೆ. ಇಂಥ ಕಡೆ ಜನ 'ನಸೀಬು' ಅಂದುಬಿಡುತ್ತಾರೆ.

ಸುತ್ತುಗಳ ಲೆಕ್ಕವನ್ನು ನಾನು ಒಂದು ಹಳೇ ಪಟ್ಟಿಯ ಹಿಂದೆ ಬಾಣ ಎಳೆದು ಮಾಮಾಗೆ ತೋರಿಸುತ್ತಿದ್ದೆ. ಅರ್ಧಕ್ಕೇ ತಡೆದರು.

'ಇಷ್ಟ ಏನು? ತೂಕ ಆಗಲಾರದ ಪಟ್ಟಿ ಬರಿಯಾಕ ಬರ್ತದೇನು? ಪಟ್ಟಿ ಇಲ್ಲಂದ್ರ ಖಾತೆಗೆ ಏನ್ ಏರಸ್ತಿ? ಖಾತೆ ನೋಡಲಾರದ ಟ್ಯಾಕ್ಸ್ ಎಲ್ಲಿಂದ ತರ್ತಿ? ಇದು ಗಂಜಿನಾಗ ಹಮಾಲ್ರಿಗೂ ಗೊತ್ತದ. ನಿಮ್ ಕಂಪ್ಯೂಟರಿಗೆ ಗೊತ್ತಿಲ್ಲೇನು?'

ಗೊತ್ತಿಲ್ಲ ಮಾಮಾ, ಅದಕ್ಕೆ ಯಾರೂ ಹೇಳಿಲ್ಲ ಅಂದೆ. ನಿಜವಾಗಿ ಇಡೀ ವಿಷಯ ಇಷ್ಟೇ ಅಂತ ನನಗನ್ನಿಸಿದ್ದು ಆಗಲೇ. ಇಪ್ಪತ್ತು ವರ್ಷದಿಂದ ಆ ಅಂಗಡಿಯಲ್ಲಿ ಕಾಪಾಡಿಕೊಂಡು ಬಂದದ್ದು ಒಂದು ಸಂಖ್ಯೆ. ಸಂಖ್ಯೆ ಹುಟ್ಟಿದ್ದು ಕ್ರಮದಿಂದ, ಕ್ರಮ ಹುಟ್ಟಿದ್ದು ಯಾರಿಗೆ ಯಾರು ಬೇಕು ಅನ್ನುವುದರಿಂದ. ಬರೆದಿಡಬೇಕಾದದ್ದು ಆ ಕೊನೆಯದ್ದು. ಅದು ಇದ್ದರೆ ಕ್ರಮವನ್ನು ಯಾವಾಗ ಬೇಕಾದರೂ ಲೆಕ್ಕ ಹಾಕಿ ತೆಗೆಯಬಹುದು, ಐದನೆಯದು ಬಂದರೂ ಹೆದರಬೇಕಿಲ್ಲ. ಬರೀ ಸಂಖ್ಯೆ ಇದ್ದರೆ, ಸಂಖ್ಯೆ ಸುಳ್ಳಾದ ದಿನ ಅದನ್ನು ನಂಬಿದ ಮನುಷ್ಯನನ್ನೇ ಸುಳ್ಳುಗಾರ ಅನ್ನುತ್ತಾರೆ.

ಲೆಕ್ಕ ಹಾಕುವ ವಿಧಾನಕ್ಕೆ ಬರ. ಕಾನ್ ಅನ್ನುವವರು 1962ರಲ್ಲೇ ಒಂದು ಪುಟ್ಟ ಲೇಖನದಲ್ಲಿ ಹೇಳಿಟ್ಟಿದ್ದಾರೆ ಅಂದರೆ ಬರ ಎಲ್ಲಿ ಬಂತು? ಯಾರ ಹಂಗೂ ಇಲ್ಲದವರನ್ನು ಮೊದಲು ಬರೆದುಕೋ, ಅವರನ್ನು ನೆಚ್ಚಿಕೊಂಡವರ ಬಾಕಿಯಲ್ಲಿ ಒಂದೊಂದು ಕಳೆ, ಬಾಕಿ ಸೊನ್ನೆಯಾದವರನ್ನು ಮುಂದೆ ಬರೆ, ಹೀಗೆ ಮುಗಿಯುವವರೆಗೆ. ಇಂಜಿನಿಯರಿಂಗ್‌ನಲ್ಲಿ ಟೊಪೊಲಾಜಿಕಲ್ ಸಾರ್ಟ್ ಅಂತ ಹತ್ತು ಮಾರ್ಕಿಗೆ ಬಾಯಿಪಾಠ ಮಾಡಿದ್ದೇವಲ್ಲ, ಅದೇ. ಮೂರು ಸಲ ಒತ್ತುವುದೂ ಇದರದ್ದೇ ಮೊದ್ದು ರೂಪ. ಬರೆಯಲು ಯಾರೂ ಸಿಗದೆ ಬಾಕಿಯವರು ಉಳಿದುಬಿಟ್ಟರೆ, ಅಲ್ಲಿ ಒಬ್ಬರಿಗೊಬ್ಬರು ಗಂಟು ಬಿದ್ದಿದ್ದಾರೆ ಅಂತ ಅರ್ಥ, ನೂರು ಸಲ ಒತ್ತಿದರೂ ಆಗದು.

ಹಾಗಂತ ದೊಡ್ಡವರೆಲ್ಲ ಇದನ್ನು ಅಂದವಾಗಿ ಬಗೆಹರಿಸಿದ್ದಾರೆ ಅಂದುಕೊಳ್ಳಬೇಡಿ. ವಿಬಿ 6ರ ಜೊತೆ ಬರುತ್ತಿದ್ದ ಸೆಟಪ್ ಲಿಸ್ಟಿನಲ್ಲಿ ಮೂಲಭೂತ ಫೈಲುಗಳಿಗೆ ಒಂದು, ಎರಡು, ಮೂರು ಅಂತ ನಂಬರೇ ಇರುತ್ತಿತ್ತು, ವಿಬಿಯ ಮುಖ್ಯ ರನ್‌ಟೈಮ್ ಏಳನೆಯದು. ಅದರ ಆಮೇಲೆ ಬಂದ ವಿಂಡೋಸ್ ಇನ್‌ಸ್ಟಾಲರ್‌ನಲ್ಲಿ ಡಿಎಲ್‌ಎಲ್‌ಗಳನ್ನು 'ತಾನೇ ಹೆಸರು ಬರೆದುಕೊಳ್ಳುವ' ದಾರಿಗೆ ಬಿಟ್ಟರೆ ಕ್ರಮ ಹೇಳುವ ಅವಕಾಶವೇ ಇಲ್ಲ. ಹಾಗಂತ ಅವರ ದಾಖಲೆಯಲ್ಲೇ ಬರೆದಿದ್ದಾರೆ. ಅವರ ಸಲಹೆ: ಡಿಎಲ್‌ಎಲ್ ಕೈಗೆ ಪೆನ್ನು ಕೊಡಬೇಡಿ, ಅದು ಏನು ಬರೆಯುತ್ತಿತ್ತೋ ಅದನ್ನು ನೀವೇ ಇನ್‌ಸ್ಟಾಲರಿನ ಕೋಷ್ಟಕದಲ್ಲಿ ತುಂಬಿ, ಅದು ನೇರ ದಫ್ತರಕ್ಕೆ ಹೋಗುತ್ತದೆ. ಯಾರನ್ನೂ ಎಬ್ಬಿಸುವ ಪ್ರಮೇಯವೇ ಇಲ್ಲದಿದ್ದರೆ ಯಾರು ಮೊದಲು ಅನ್ನುವ ಜಗಳವೂ ಇಲ್ಲ. 2001ರ ಎಕ್ಸ್‌ಪಿಯಿಂದ ದಫ್ತರವೇ ಬೇಡ, ಪ್ರೋಗ್ರಾಮಿನ ಪಕ್ಕದಲ್ಲೊಂದು ಚೀಟಿ ಇಟ್ಟರೆ ಸಾಕು ಅನ್ನುವ ಅನುಕೂಲವೂ ಬಂತು. ನನಗೆ ಹೆಚ್ಚು ಇಷ್ಟವಾದದ್ದು ಲಿನಕ್ಸಿನ ಡೆಬಿಯನ್‌ನವರ ದಾರಿ. ಪ್ರತಿ ಪ್ಯಾಕೇಜೂ ತನಗೆ ಯಾರು ಬೇಕು ಅಂತ ತಾನೇ ಹಣೆಯ ಮೇಲೆ ಬರೆದುಕೊಂಡಿರುತ್ತದೆ. ಬಿಚ್ಚಿ ಹರಡುವುದು ಒಂದು ಹಂತ, ಸಜ್ಜು ಮಾಡುವುದು ಇನ್ನೊಂದು ಹಂತ. ಇಬ್ಬರು ಒಬ್ಬರಿಗೊಬ್ಬರು ಬೇಕು ಅಂತ ಹಟ ಹಿಡಿದರೆ, ಎಲ್ಲೋ ಒಂದು ಕಡೆ ಗಂಟು ಕತ್ತರಿಸಿ ಮುಂದೆ ಹೋಗುತ್ತದೆ.

ನಾವು ಮಾತಾಡುತ್ತಿದ್ದುದನ್ನು ಆ ದೇವದುರ್ಗದ ರೈತ ಕೇಳಿಸಿಕೊಳ್ಳುತ್ತಿದ್ದ. 'ನಮ್ ಹೊಲದ್ದೂ ಇದ ಗೋಳು ನೋಡ್ರೀ' ಅಂದ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆಯಂತೆ. ಮೊದಲು ಪೌತಿ ಖಾತೆ ಆಗಬೇಕು, ಆಮೇಲೆ ಅಣ್ಣತಮ್ಮಂದಿರ ಪಾಲು, ಸರ್ವೆ ನಂಬರಿನಲ್ಲಿ ಒಂದು ತುಂಡು ಮಾರಬೇಕಾದರೆ 11ಇ ನಕ್ಷೆ, ಅದಾದ ಮೇಲೆ ನೋಂದಣಿ. ಯಾವುದೋ ಒಂದನ್ನು ಹಿಡಿದುಕೊಂಡು ಹೋದರೆ, ಇದಕ್ಕೆ ಮೊದಲಿನದು ತಾ ಅಂತ ವಾಪಸ್ ಕಳಿಸುತ್ತಾರೆ. ಅವನಿಗೂ ಬರುತ್ತಿದ್ದದ್ದು 429ರಂಥದ್ದೇ ಉತ್ತರ. ಆಗಲ್ಲ ಅನ್ನುತ್ತಾರೆ, ಯಾವುದು ಇಲ್ಲ ಅಂತ ಬಿಡಿಸಿ ಹೇಳುವುದಿಲ್ಲ.

ಮಾಮಾ ಅದಕ್ಕೆ ಕಾಲುವೆ ನೀರಿನ ಮಾತು ತಂದರು. ತುಂಗಭದ್ರಾ ಎಡದಂಡೆಯ ಕೊನೇ ಭಾಗದವರು ನಾವು, ಮೇಲಿನವರದ್ದು ಆದ ಮೇಲೇ ನಮ್ಮ ಸರದಿ, ದೇವದುರ್ಗದವರಿಗೆ ನಾರಾಯಣಪುರ ಬಲದಂಡೆ ಇದೆ, ಇವರ ಕಷ್ಟ ಬೇರೆ ಅಂತ. ನಾನು ಒಪ್ಪಲಿಲ್ಲ. ತೂಕ ಇಲ್ಲದೆ ಪಟ್ಟಿ ಇಲ್ಲ ಅನ್ನುವುದು ಅಗತ್ಯದ ಕ್ರಮ. ಮೇಲಿನ ಹೊಲಕ್ಕೆ ನೀರು ಕುಡಿಸದೆ ಮಾನ್ವಿಯ ಹೊಲ ನೀರು ಕುಡಿಯಲಾರದು ಅಂತೇನೂ ಇಲ್ಲ, ಅಲ್ಲಿ ತೂಬು ಯಾರ ಕೈಯಲ್ಲಿದೆ ಅನ್ನುವುದೇ ಕ್ರಮ. ಇವೆರಡನ್ನೂ ಸರದಿ ಅಂತ ಒಂದೇ ಹೆಸರಿನಿಂದ ಕರೆದು ನಾವು ಸುಮ್ಮನಾಗಿಬಿಡುತ್ತೇವೆ. ಮಾಮಾ 'ಹೌದೇಳು' ಅಂದರು, ಒಪ್ಪಿ ಅಂದರೋ ಮಾತು ಮುಗಿಸಲು ಅಂದರೋ ಗೊತ್ತಿಲ್ಲ.

ಬ್ಯಾಚ್ ಫೈಲನ್ನು ಹೊಸದಾಗಿ ಬರೆದೆ. ನಾಲ್ಕು ಸಾಲು, ಮಾಮಾ ಹೇಳಿದ ಕ್ರಮ, ಪ್ರತಿ ಸಾಲಿನ ಮೇಲೆ ಇದಕ್ಕೆ ಯಾವುದು ಬೇಕು ಅಂತ ಒಂದು ಟಿಪ್ಪಣಿ, ಓರೆಗೆರೆ ಎಸ್ ಇಲ್ಲ. ಯಾವುದಾದರೂ ಬಿದ್ದರೆ ಅಲ್ಲೇ ನಿಂತು ಹೆಸರು ಹೇಳುತ್ತದೆ. ಎಲ್ಲ ಮತ್ತೆ ಅಳಿಸಿ ಒಂದು ಸಲ ಒತ್ತಿದೆ, ಆಯಿತು. ರೈತನ ಉದ್ರಿ ತೆಗೆದು ನೋಡಿದರು, ಅವನು ಮನಸ್ಸಿನಲ್ಲಿ ಇಟ್ಟುಕೊಂಡ ಲೆಕ್ಕಕ್ಕಿಂತ ಕಮ್ಮಿಯೇ ಇತ್ತು. ಮಾಲು ಕೊಟ್ಟ.

ಸಣ್ಣ ಸಾವುಕಾರರು ಮಧ್ಯಾಹ್ನ ಬಂದರು. ನಾನು ಅವರಿಗೆ ಬಾಣದ ಚಿತ್ರ ತೋರಿಸಿ, 2017ರವರೆಗೆ ಡೈರಿ ನೂರಕ್ಕೆ ನೂರು ಸರಿಯಿತ್ತು, ನಾಲ್ಕನೆಯದು ಸೇರಿದ್ದನ್ನು ಇವರಿಗೆ ಯಾರೂ ತಿಳಿಸಲಿಲ್ಲ, ಮರೆವಿನ ಮಾತೇ ಇಲ್ಲ ಅಂತ ಹೇಳಿದೆ. ಅವರು ಚಿತ್ರವನ್ನು ತುಸು ಹೊತ್ತು ನೋಡಿ, ಮಾಮಾಗೆ 'ಚಾ ತರಸ್ರೀ' ಅಂದರು. ಆನ್‌ಲೈನ್ ಪ್ಯಾಕೇಜಿನ ಮಾತು ಇನ್ನೂ ಬಿಟ್ಟಿಲ್ಲ. ಯುಗಾದಿಯ ಮೇಲೆ ನೋಡೋಣ ಅಂದಿದ್ದಾರಂತೆ.

ಮೊನ್ನೆ ಮಾಮಾ ಫೋನಿನಲ್ಲಿ ಕೇಳಿದರು. 'ಅಳಿಯಾ, ನಾಳಿ ಇದನ್ನ ತಗಿಯೋದು ಬಂದ್ರ, ಯಾವದು ಮೊದ್ಲ ತಗೀಬೇಕು?' ತಿರುಗಾ ಕ್ರಮ ಮಾಮಾ, ಮೇಲೆ ಕೂತವರನ್ನು ಮೊದಲು ಇಳಿಸಬೇಕು ಅಂದೆ. ಜಿಎಸ್‌ಟಿ, ಖಾತೆ, ಪಟ್ಟಿ, ಕೊನೆಗೆ ತೂಕ. ಹೇಳುತ್ತ ಹೇಳುತ್ತ ನನಗೇ ನಗು ಬಂತು. ಜಿ, ಕೆ, ಪಿ, ಟಿ. ಆ ಹುಡುಗನ ಹಳೇ ಬ್ಯಾಚ್ ಫೈಲು ತೆಗೆಯಲಿಕ್ಕಾದರೆ ಒಂದೇ ಸಲಕ್ಕೆ ಸರಿಯಾಗಿ ಕೆಲಸ ಮಾಡುತ್ತಿತ್ತು.

'ಬರ್ಕೊಂಡೆ' ಅಂದರು ಮಾಮಾ. 'ಆದ್ರ ಅವಸರ ಇಲ್ಲ ಬಿಡು. ಇನ್ನೂ ಕಡ್ಲಿ ಬರೋದದ.'